ಉಷಾರಾಣಿಯ ಒಪ್ಪತ್ತು

ಕೆ.ಆರ್. ನಗರದಲ್ಲಿ ಬೆಲ್ಲದ ಮಂಡಿ ಇಟ್ಟಿರುವ ಕಾಂತರಾಜನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಅಭ್ಯಾಸವಿದ್ದವರು ಸುಳ್ಳು ಕಟ್ಟುವಾಗಲೇ ಅದಕ್ಕೊಂದು ಹಿತ್ತಿಲ ಬಾಗಿಲು ಇಟ್ಟಿರುತ್ತಾರೆ, ಬೇಕಾದಾಗ ಹೊರಗೆ ಬರಬಹುದು. ಕಾಂತರಾಜ ಕಟ್ಟಿದ್ದು ಬಾಗಿಲೇ ಇಲ್ಲದ ಸುಳ್ಳು. ತಾನು ಒಳಗೆ ಸಿಕ್ಕಿಕೊಂಡದ್ದು ಸಾಲದೆಂದು ಹೆಂಡತಿಯನ್ನೂ ಅದರೊಳಗೆ ಕೂಡಿಹಾಕಿದ.

ಸಂಗತಿ ಶುರುವಾದದ್ದು ಭೇರ್ಯದಲ್ಲಿ, ಅವನ ದೊಡ್ಡಪ್ಪನ ಮಗನ ಗೃಹಪ್ರವೇಶದ ಊಟದಲ್ಲಿ. ಪಂಕ್ತಿಯಲ್ಲಿ ಅವನ ಪಕ್ಕ ಹೆಂಡತಿ ಉಷಾರಾಣಿ ಕೂತಿದ್ದಳು. ಅವಳ ಎಲೆಗೆ ಬಡಿಸಿದ್ದೆಲ್ಲ ಎಲೆಯ ಮೇಲೇ ಇತ್ತು. ಬೆರಳು ಮಾತ್ರ ಅನ್ನವನ್ನು ಆ ಮೂಲೆಯಿಂದ ಈ ಮೂಲೆಗೆ, ಈ ಮೂಲೆಯಿಂದ ಆ ಮೂಲೆಗೆ ಸಾಗಿಸುತ್ತಿತ್ತು. ಅಷ್ಟರಲ್ಲಿ ಹೋಳಿಗೆಯ ಬುಟ್ಟಿ ಹಿಡಿದು, ಕೆ.ಆರ್. ನಗರದಲ್ಲಿ ಅವರ ಬೀದಿಯಲ್ಲೇ ಇರುವ ಕಾಂತರಾಜನ ಸೋದರತ್ತೆ ಸಿದ್ದಲಿಂಗಮ್ಮ ಬಂದಳು. ಈಕೆ ಬಡಿಸಲು ನಿಂತರೆ, ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದವರಿಗೆ ಕೈಯ ಮೇಲೇ ಬಡಿಸಿ ಮುಂದೆ ಹೋಗುವಂಥ ಹೆಂಗಸು.

"ಏನ್ಲಾ ಕಾಂತ, ನಿನ್ನೆಂಡ್ತಿ ಎಲೆ ಮುಂದೆ ಕುಂತು ಕೇರಂ ಆಡ್ತಾವ್ಳಾ?"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಉಷಾರಾಣಿಯ ಮುಖ ಬಿಳಿಚಿಕೊಂಡಿತು. ಅದನ್ನು ಕಂಡ ಕಾಂತರಾಜನಿಗೆ ಏನಾದರೂ ಮಾಡಬೇಕು ಅನ್ನಿಸಿತು. ಅವನಿಗೆ ಹಾಗೆ ಅನ್ನಿಸಿದಾಗಲೆಲ್ಲ ಮಾಡಬಾರದ್ದನ್ನೇ ಮಾಡಿದ್ದಾನೆ.

"ಬ್ಯಾಡ ಅತ್ತೆ, ಅವಳಿಗಿವತ್ತು ಒಪ್ಪತ್ತು. ರಾತ್ರಿ ಒಂದೊತ್ತೇ ಊಟ," ಎಂದುಬಿಟ್ಟ.

"ಇವತ್ತು ಬುಧವಾರ ಕಣ್ಲಾ. ಬುಧವಾರ ಯಾವ್ ದೇವ್ರಿಗ್ಲಾ ಒಪ್ಪತ್ತು?"

"ಗಣಪತಿಗೆ."

"ಮೊನ್ನೆ ಸ್ವಾಮವಾರ ನಮ್ಮನೇಗ್ ಬಂದಾಗ್ಲೂ ಬರೀ ನೀರ್ ಕುಡುದ್ಲು?"

"ಸೋಮವಾರ ಶಿವನಿಗಲ್ವಾ ಅತ್ತೆ?"

"ಹೋದ್ ಶುಕ್ರವಾರ ಪಾಯ್ಸಾನೂ ಮುಟ್ನಿಲ್ಲ?"

"ಶುಕ್ರವಾರ ಲಕ್ಷ್ಮಿಗೆ. ಮಂಗಳವಾರ ಚಾಮುಂಡಿಗೆ, ಗುರುವಾರ ಗುರುಗಳಿಗೆ, ಶನಿವಾರ ಆಂಜನೇಯನಿಗೆ, ಭಾನುವಾರ ವೀರಭದ್ರನಿಗೆ," ಎಂದು ಕಾಂತರಾಜ ಯಾರೂ ಕೇಳದ ದಿನಗಳನ್ನೂ ಭರ್ತಿ ಮಾಡಿದ. ಮಂಡಿ ವ್ಯಾಪಾರಿ ನೋಡಿ, ಖಾಲಿ ಗೋಣಿ ಕಂಡರೆ ತುಂಬಿಸುವ ಕೈ.

ಸಿದ್ದಲಿಂಗಮ್ಮ ಹೋಳಿಗೆಯ ಬುಟ್ಟಿಯನ್ನು ಕೆಳಗಿಟ್ಟಳು. "ವಾರ ಪೂರ್ತಿನಾ? ಅದ್ಯಾಕ್ಲಾ ಅಂತಾ ಕಠಿಣದ್ದು?"

"ಊರಿಗೆಲ್ಲ ಒಳ್ಳೇದಾಗ್ಲಿ ಅಂತ."

ಈ ಕೊನೆಯ ಮಾತು ಹೇಳದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸಿದ್ದಲಿಂಗಮ್ಮ ಎರಡೂ ಕೈ ಜೋಡಿಸಿ, "ಉಸಾ, ಕೇರಂ ಅಂದ್ಬುಟ್ನಲ್ಲವ್ವಾ, ತಪ್ಪಾಯ್ತು," ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಉಷಾರಾಣಿ ಗಂಡನ ಕಡೆ ನೋಡಿದಳು. ಆ ನೋಟವನ್ನು ಅವನು ಕೃತಜ್ಞತೆ ಎಂದು ತಿಳಿದ. ಅದರಲ್ಲಿ ಸ್ವಲ್ಪ ಕೃತಜ್ಞತೆಯೂ ಇತ್ತು, ಕಷ್ಟ ಬಂದದ್ದೇ ಅದರಿಂದ.

ಉಷಾರಾಣಿ ಊಟ ಬಿಟ್ಟದ್ದು ಯಾವ ದೇವರಿಗೂ ಅಲ್ಲ, ಒಬ್ಬ ಫೋಟೋಗ್ರಾಫರನ ಮಾತಿಗೆ. ನಾದಿನಿಯ ಮದುವೆಯಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದಾಗ ಅವನು ಕ್ಯಾಮೆರಾದ ಹಿಂದಿನಿಂದ, "ಅಕ್ಕ, ನೀವು ಒಂಚೂರು ಸೈಡಿಗೆ ಬನ್ನಿ, ಫ್ರೇಮೆಲ್ಲ ನೀವೇ ತುಂಬ್ಕೊಂಡಿದ್ದೀರಿ," ಅಂದಿದ್ದ. ಎಲ್ಲರೂ ನಕ್ಕರು. ಉಷಾರಾಣಿಯೂ ನಕ್ಕಳು. ಮದುಮಗಳು ನಕ್ಕಳು, ಪುರೋಹಿತರೂ ನಕ್ಕರು. ನಕ್ಕವರೆಲ್ಲ ಹೋಗಿ ಊಟಕ್ಕೆ ಕೂತರು. ಉಷಾರಾಣಿ ಕೂರಲಿಲ್ಲ, ಅಷ್ಟೇ.

ಆಮೇಲೆ ಅವಳ ತಟ್ಟೆಯಲ್ಲಿ ಮುದ್ದೆ ಸಣ್ಣದಾಗುತ್ತ ಹೋಯಿತು. ಕಿತ್ತಳೆ ಗಾತ್ರಕ್ಕೆ ಬಂತು, ನಿಂಬೆ ಗಾತ್ರಕ್ಕೆ ಬಂತು, ಒಂದು ದಿನ ತಟ್ಟೆಯಲ್ಲಿ ಬರೀ ಸೊಪ್ಪಿನ ಸಾರು ಉಳಿಯಿತು. ಮೊದಮೊದಲು ಬೀದಿಯೆಲ್ಲ ಹೊಗಳಿತು. "ಎಷ್ಟ್ ಚೆನ್ನಾಗಾಗಿದ್ದೀರಿ ಕಣ್ರೀ! ಏನ್ ಮಾಡ್ತಿದ್ದೀರಾ?" ಎಂದು ಪಕ್ಕದ ಮನೆಯ ಸರ್ವಮಂಗಳ ದಿನಾ ಕೇಳುತ್ತಿದ್ದಳು. ಕಾಂತರಾಜನೂ ಹೆಮ್ಮೆಪಟ್ಟ. ಬೆಳಿಗ್ಗೆ ಮಂಡಿಯ ಬಾಗಿಲು ತೆಗೆಯುವ ಮೊದಲೇ ಅವಳು ಹೋಗಿ ಬೆಲ್ಲ ತೂಗುವ ದೊಡ್ಡ ತಕ್ಕಡಿಯ ಮೇಲೆ ನಿಲ್ಲುವುದನ್ನು ಅವನು ಎಷ್ಟೋ ಸಲ ಕಂಡಿದ್ದ. ತಕ್ಕಡಿ ಸರಿಯಾಗಿದೆಯೇ ಎಂದು ಪರೀಕ್ಷಿಸುತ್ತಿದ್ದಾಳೆ, ವ್ಯಾಪಾರದಲ್ಲಿ ಇವಳಿಗೆ ಎಷ್ಟು ಶ್ರದ್ಧೆ ಎಂದು ಸಂತೋಷಪಟ್ಟು ಒಳಗೆ ಹೋಗಿ ಹಲ್ಲುಜ್ಜಿದ. ನಮ್ಮ ಕಾಂತರಾಜ ಇಂಥವನು.

ಭೇರ್ಯದಿಂದ ಸುದ್ದಿ ಅವರಿಗಿಂತ ಮೊದಲೇ ಕೆ.ಆರ್. ನಗರ ಮುಟ್ಟಿತು. ಮಾರನೆಯ ದಿನ ಕಾಕತಾಳೀಯವಾಗಿ ನಾಲೆಗೆ ನೀರು ಬಿಟ್ಟರು. ಅದರ ಮಾರನೆಯ ದಿನ, ಯುಗಾದಿಯಿಂದ ಸತ್ತು ಬಿದ್ದಿದ್ದ ಸರ್ವಮಂಗಳಳ ಮಿಕ್ಸಿ ಸ್ವಿಚ್ಚು ಒತ್ತುತ್ತಲೇ ಗರ್ರೆಂದಿತು. ನಾಲೆಯ ವಿಷಯವನ್ನು ಕೆಲವರು ನೀರಾವರಿ ಇಲಾಖೆಗೆ ಬಿಟ್ಟುಕೊಟ್ಟಾರು, ಮಿಕ್ಸಿಯ ವಿಷಯದಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ. ಹೆಂಗಸರು ಅರಿಶಿನ ಕುಂಕುಮ ಹಿಡಿದು ಬಂದರು. "ಉಷಕ್ಕ, ನಮ್ಮ ಹುಡುಗನ್ಗೆ ಲೈಸೆನ್ಸ್ ಆಗ್ತಾ ಇಲ್ಲ, ಒಂಚೂರು ನೋಡಿ," ಅಂದರು. ಯಾರೂ ಊಟ ಮಾಡು ಅನ್ನಲಿಲ್ಲ, ಕಾಫಿ ಕುಡಿ ಅನ್ನಲಿಲ್ಲ. ತನ್ನ ಒಂದೇ ಮಾತಿಗೆ ಹೆಂಡತಿಗೆ ಎಷ್ಟು ನೆಮ್ಮದಿಯಾಯಿತು ಎಂದು ಕಾಂತರಾಜ ಮೀಸೆ ತಿರುವಿದ.

ನೆಮ್ಮದಿಯಾದದ್ದು ಅವಳಿಗಲ್ಲ, ಅವಳೊಳಗೆ ಬಂದು ಕೂತಿದ್ದ ಇನ್ನೊಂದಕ್ಕೆ ಎಂಬುದು ಅವನಿಗೆ ಹುಣಸೂರಿನ ಬಸ್ಸಿನಲ್ಲಿ ತಿಳಿಯಿತು.

"ಹುಣಸೂರಿಗೆ ಹೋಗ್ಬೇಕು, ನೀವೂ ಬನ್ನಿ," ಎಂದು ಒಂದು ಬೆಳಿಗ್ಗೆ ಉಷಾರಾಣಿ ಹೊರಟು ನಿಂತಳು. ಸೀರೆ ತರಲಿಕ್ಕಿರಬೇಕು ಎಂದು ಕಾಂತರಾಜ ಚೀಲ ಹಿಡಿದು ಹಿಂದೆ ಹೋದ. ಕಟ್ಟೆಮಳಲವಾಡಿ ದಾಟುವಾಗ ಅವಳು ಕಿಟಕಿಯಾಚೆ ನೋಡುತ್ತಲೇ, "ರೀ, ನಂಗೆ ಊಟ ಕಂಡ್ರೆ ಭಯ ಆಗ್ತದೆ," ಅಂದಳು.

"ಯಾವ ಊಟ?"

"ಎಲ್ಲಾನೂ. ಹಸಿವೂ ಆಗ್ತದೆ, ಭಯಾನೂ ಆಗ್ತದೆ. ತುತ್ತು ಕೈಗೆ ತಗೊಂಡ್ರೆ ಒಳಗಿಂದ ಯಾರೋ ಬಯ್ದಂಗಾಗ್ತದೆ. ತಿನ್ನದೆ ಇದ್ದ್ ದಿನ ಅದು ಸುಮ್ಕಿರ್ತದೆ. ಈಗೀಗ ಮೆಟ್ಲು ಹತ್ತಿದ್ರೆ ಕಣ್ಣು ಕತ್ಲೆ ಬರ್ತದೆ. ನಾನೇ ಫೋನ್ ಮಾಡಿ ಡಾಕ್ಟ್ರನ್ನ ಕೇಳಿದೀನಿ. ಬಾ ಅಂದವ್ರೆ."

ಕಾಂತರಾಜ ತಿರುಗಿ ಅವಳ ಮುಖ ನೋಡಿದ. ಈ ಹೆಂಗಸು ಅವನಿಗೆ ಗೊತ್ತಿತ್ತು. ಬೆಲ್ಲದ ಗೋಣಿಯ ಹಿಂದೆ ನಾಗರಹಾವು ಬಂದಾಗ, ಅವನು ಗೋಣಿಯ ಮೇಲೆ ಹತ್ತಿ ಎಲ್ಲ ದೇವರನ್ನೂ ಕೂಗುತ್ತಿದ್ದಾಗ, ಪೊರಕೆ ಹಿಡಿದು ಅದಕ್ಕೆ ಬಾಗಿಲು ತೋರಿಸಿದವಳು ಇವಳು. ಇವಳಿಗೆ ಅನ್ನದ ಭಯವೇ? ಹಾಗಾದರೆ ಆ ಅನ್ನ ಹಾವಿಗಿಂತ ಎಷ್ಟು ದೊಡ್ಡದಾಗಿರಬೇಕು! ಅಂಥದ್ದರ ಎದುರು ಹೋಗಿ ನಿಲ್ಲಲು ತಾನೇ ಫೋನ್ ಮಾಡಿ ಹೊತ್ತು ಗೊತ್ತುಮಾಡಿಕೊಂಡಿದ್ದಾಳಲ್ಲ! ಅವನು ಚೀಲವನ್ನು ಮಡಚಿ ಜೇಬಿಗೆ ತುರುಕಿದ. ಅದು ತುಂಬ ದೊಡ್ಡ ಚೀಲ, ಹುಣಸೂರು ಬರುವವರೆಗೂ ತುರುಕುತ್ತಲೇ ಇದ್ದ.

ಮನೋವೈದ್ಯೆ ಚೈತ್ರ ಚಿಕ್ಕ ವಯಸ್ಸಿನವರು. ಉಷಾರಾಣಿ ಒಬ್ಬಳೇ ಅವರ ಹತ್ತಿರ ತುಂಬ ಹೊತ್ತು ಮಾತಾಡಿದಳು. ಆಮೇಲೆ ಕಾಂತರಾಜನನ್ನೂ ಒಳಗೆ ಕರೆದರು.

"ಇದು ಹಟ ಅಲ್ಲ, ಸೊಕ್ಕಲ್ಲ, ಭಕ್ತಿಯೂ ಅಲ್ಲ. ಕಾಯಿಲೆ. ವಾಸಿಯಾಗುತ್ತೆ, ನಿಧಾನ ಆಗುತ್ತೆ," ಎಂದರು ಡಾಕ್ಟರು. "ಹೊತ್ತುಹೊತ್ತಿಗೆ ಸ್ವಲ್ಪ ಸ್ವಲ್ಪ ತಿನ್ನಬೇಕು. ಹಸಿವಾಗ್ಲಿ ಬಿಡ್ಲಿ, ಔಷಧಿ ತಗೊಂಡ ಹಾಗೆ. ನೀವೂ ಜೊತೆಗೆ ಕೂತು ತಿನ್ನಿ."

"ನಾನಾ? ನಂಗೇನೂ ಆಗಿಲ್ವಲ್ಲ ಡಾಕ್ಟ್ರೇ."

"ಅದಕ್ಕೇ. ಇನ್ನೊಂದು ಮುಖ್ಯವಾದ್ದು. ಅವರು ತಿನ್ನುವಾಗ ತಟ್ಟೆ ನೋಡ್ಬೇಡಿ. ತಿಂದ್ರೆ ಭೇಷ್ ಅನ್ನಬೇಡಿ. ತಿನ್ನದಿದ್ರೆ ಅಯ್ಯೋ ಅನ್ನಬೇಡಿ. ತಕ್ಕಡಿಯಿಂದ ದೂರ ಇರಲಿ, ತೂಕ ಇಲ್ಲಿಗೆ ಬಂದಾಗ ನಾವು ನೋಡ್ತೀವಿ. ಮನೇಲಿ ತಕ್ಕಡಿ ಇದೆಯಾ?"

"ಅದೇ ಡಾಕ್ಟ್ರೇ ನಮ್ಮ ಕಸುಬು," ಎಂದ ಕಾಂತರಾಜ ಕುಗ್ಗಿದ ದನಿಯಲ್ಲಿ.

ಅಂದಿನಿಂದ ಮಂಡಿಯ ತಕ್ಕಡಿ ರಾತ್ರಿಯೆಲ್ಲ ಬೀಗದೊಳಗೆ ಇರತೊಡಗಿತು. ಬೀಗದ ಕೈಯನ್ನು ಕಾಂತರಾಜ ಉಡುದಾರಕ್ಕೆ ಕಟ್ಟಿಕೊಂಡ.

ಊಟ ಬಿಡುವುದನ್ನು ಊರು ಎರಡೇ ದಿನದಲ್ಲಿ ಒಪ್ಪಿಕೊಂಡಿತ್ತು. ಊಟ ಮಾಡುವುದನ್ನು ಮಾತ್ರ ಒಪ್ಪಲು ತಯಾರಿರಲಿಲ್ಲ. ಮೊದಲನೆಯ ದಿನವೇ ಉಷಾರಾಣಿ ಜಗಲಿಯ ಮೇಲೆ ಕೂತು, ಹೊಳೆಗೆ ಹಾರುವವಳ ಹಾಗೆ ಉಸಿರು ಬಿಗಿಹಿಡಿದು, ಬಾಳೆಹಣ್ಣಿನ ಸಿಪ್ಪೆ ಬಿಡಿಸಿದಳು. ಇನ್ನೇನು ಬಾಯಿಗಿಡಬೇಕು, ಕಾಂಪೌಂಡಿನ ಆಚೆಯಿಂದ ಸರ್ವಮಂಗಳ ಹಾರಿ ಬಂದಳು.

"ಅಯ್ಯೋ ಅಯ್ಯೋ ಉಷಕ್ಕ! ಮರ್ತ್‌ಬುಟ್ರಾ? ಇವತ್ತು ಮಂಗಳವಾರ! ಚಾಮುಂಡಿದು!" ಎಂದು ಹಣ್ಣನ್ನು ಕಿತ್ತುಕೊಂಡಳು. ಕಿತ್ತುಕೊಂಡದ್ದನ್ನು ಏನು ಮಾಡುವುದೆಂದು ತಿಳಿಯದೆ ತಾನೇ ತಿಂದು, "ಸದ್ಯ, ನಾನ್ ನೋಡ್ದೆ," ಎಂದು ಬಾಯೊರಸಿಕೊಂಡಳು.

ಉಷಾರಾಣಿಯ ಒಳಗೆ ಬಯ್ಯುತ್ತಿದ್ದದ್ದು, 'ನೋಡಿದ್ಯಾ, ನಾನು ಹೇಳ್ಲಿಲ್ವಾ' ಅಂದಿತು. ಅವಳು ಎದ್ದು ಒಳಗೆ ಹೋಗಿ ಮಲಗಿದಳು. ಸಂಜೆಗೆ ಎದ್ದು ಬಂದು, "ಇನ್ನೊಂದು ಹಣ್ಣು ಕೊಡಿ," ಎಂದು ಕೈ ಚಾಚಿದಳು. ಹುಣಸೂರಿನ ಬಸ್ಸಿನಲ್ಲಿ ತಾನು ಕಂಡದ್ದು ಇದೇ ಹೆಂಗಸು ಎಂದು ಕಾಂತರಾಜ ಮನಸ್ಸಿನಲ್ಲೇ ಕೈ ಮುಗಿದ. ಭೇಷ್ ಅನ್ನುವಂತಿಲ್ಲವಲ್ಲ, ಬಾಯಿಯೊಳಗೆ ನಾಲಿಗೆಯನ್ನು ಕಚ್ಚಿ ಹಿಡಿದು ಗೋಡೆಯ ಕ್ಯಾಲೆಂಡರ್ ಓದಿದ.

ಮುಂದಿನ ದಿನಗಳಲ್ಲಿ ಅವರ ಮನೆಯಲ್ಲಿ ತಿಂಡಿ ತಿನ್ನುವುದು ಕಳ್ಳಸಾಗಣೆಯ ಕೆಲಸವಾಯಿತು. ಹೋಟೆಲಿನ ಇಡ್ಲಿ ಬೆಲ್ಲದ ಡಬ್ಬದಲ್ಲಿ ಬಂತು. ಉಪ್ಪಿಟ್ಟಿನ ಒಗ್ಗರಣೆಯ ವಾಸನೆ ಬೀದಿಗೆ ಹೋಗದಿರಲೆಂದು ಕಾಂತರಾಜ ಬಾಗಿಲಲ್ಲಿ ಊದುಬತ್ತಿ ಹಚ್ಚಿದ. ವ್ರತ ಇನ್ನೂ ಕಠಿಣವಾಯಿತೆಂದು ಜನ ತಿಳಿದರು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಗಂಡಹೆಂಡಿರು ಎದುರುಬದುರು ಕೂರುತ್ತಿದ್ದರು. ಉಷಾರಾಣಿ ಒಂದೊಂದು ತುತ್ತನ್ನೂ ಜಗಳವಾಡಿ ಗೆಲ್ಲುತ್ತಿದ್ದಳು. ಕೆಲವು ದಿನ ಸೋಲುತ್ತಿದ್ದಳು, ತಟ್ಟೆ ಸರಿಸಿ ಅಳುತ್ತಿದ್ದಳು. ಮತ್ತೆ ಮುಂದಿನ ಹೊತ್ತಿಗೆ ಬಂದು ಕೂರುತ್ತಿದ್ದಳು. ಕಾಂತರಾಜ ಎಲ್ಲೆಲ್ಲೋ ನೋಡುತ್ತ, ಬೆಲ್ಲದ ಮಾರ್ಕೆಟ್ಟಿನ ಸುದ್ದಿ ಹೇಳುತ್ತ, ತನ್ನ ತಟ್ಟೆ ಖಾಲಿ ಮಾಡುತ್ತಿದ್ದ. ಈ ಕೆಲಸದಲ್ಲಿ ಅವನು ಒಮ್ಮೆಯೂ ಸೋಲಲಿಲ್ಲ. ಹೊಟ್ಟೆ ಮುಂದೆ ಬಂತು. ಅಂಗಿಯ ಗುಂಡಿಗಳು ಒಂದೊಂದಾಗಿ ರಾಜೀನಾಮೆ ಕೊಟ್ಟವು.

ತಿಪ್ಪೆಯಲ್ಲಿ ಇಡ್ಲಿ ಕಟ್ಟಿದ ಎಲೆಗಳು ಕಂಡವು. ಬೀದಿಗೆ ಅರ್ಥವಾಗಲು ಇನ್ನೇನು ಬೇಕು?

"ಎಂಡ್ರು ಊರ್ಗೋಸ್ಕರ ಉಪಾಸ ಬೀಳ್ತಾವ್ಳೆ, ಈ ಬಡ್ಡೀಮಗ ಕದ ಹಾಕ್ಕೊಂಡು ಇಬ್ರುದೂ ತಿಂತಾವ್ನೆ!" ಎಂದು ಸಿದ್ದಲಿಂಗಮ್ಮ ಮಂಡಿಯ ಮುಂದೆ ನಿಂತು, ಗಿರಾಕಿಗಳಿಗೆಲ್ಲ ಕೇಳುವ ಹಾಗೆ ಉಗಿದಳು. "ನಾಚ್ಕೆ ಆಗಲ್ವೇನ್ಲಾ? ಕಂಬ್ಳಿ ಉಳ ಆದಂಗಾಗಿದ್ದೀಯ!"

ಕಾಂತರಾಜ ತಲೆ ತಗ್ಗಿಸಿ ಕೇಳಿಸಿಕೊಂಡ. ನಿಜ ಹೇಳಲು ಬಾಯಿ ತೆರೆದ. ಆದರೆ ಯಾವ ನಿಜ? ಹೆಂಡತಿಯ ಕಾಯಿಲೆಯನ್ನು ಬೀದಿಯಲ್ಲಿ ಹರಡುವ ಹಕ್ಕು ತನಗೆಲ್ಲಿದೆ? ಬಾಯಿ ಮುಚ್ಚಿದ. ಅವನ ಜೀವನದಲ್ಲಿ ಅವನು ಸರಿಯಾದ ಹೊತ್ತಿಗೆ ಸುಮ್ಮನಿದ್ದದ್ದು ಅದೇ ಮೊದಲು.

ಉಗಿದು ಹೋದ ಸಿದ್ದಲಿಂಗಮ್ಮ ಅಷ್ಟಕ್ಕೇ ಬಿಡಲಿಲ್ಲ. ಬೀದಿಯ ಹೆಂಗಸರನ್ನೆಲ್ಲ ಸೇರಿಸಿ ತೀರ್ಮಾನ ಮಾಡಿದಳು: ಇಂಥ ಪುಣ್ಯವಂತೆಗೆ ಊರು ಮರ್ಯಾದೆ ಮಾಡಬೇಕು, ಬಸವೇಶ್ವರನ ಗುಡಿಯಲ್ಲಿ ಅವಳನ್ನು ತಕ್ಕಡಿಯಲ್ಲಿ ಕೂರಿಸಿ, ಅವಳ ತೂಕದಷ್ಟು ಬೆಲ್ಲವನ್ನು ದೇವರಿಗೆ ಒಪ್ಪಿಸಬೇಕು. ತುಲಾಭಾರ!

ಸುದ್ದಿ ಕೇಳಿ ಕಾಂತರಾಜನ ಕೈಯಲ್ಲಿದ್ದ ಇಡ್ಲಿ ಕೆಳಗೆ ಬಿತ್ತು. ಊರೆಲ್ಲ ಸೇರಿ, ಡೋಲು ಬಾರಿಸಿ, ಇವಳ ತೂಕ ನೋಡುವುದೇ? ಅವನು ಓಡಿ ಹೋಗಿ ತಕ್ಕಡಿ ಕೆಟ್ಟಿದೆ ಅಂದ. ಅವರು ಭತ್ತದ ಮಿಲ್ಲಿನಿಂದ ಹಳೆಯ ಕಾಲದ ತೊಲೆಯ ತಕ್ಕಡಿ ತಂದರು. ಬೆಲ್ಲ ಖಾಲಿಯಾಗಿದೆ ಅಂದ. ಅವನ ಹಿಂದೆಯೇ ಗೋಣಿಗಳು ಛಾವಣಿಯವರೆಗೆ ನಿಂತಿದ್ದವು.

ಮನೆಗೆ ಬಂದು ಹೆಂಡತಿಯ ಮುಂದೆ ಕುಸಿದು ಕೂತ. "ಉಷಾ, ತಪ್ಪಾಯ್ತು. ನಿನ್ನ ಕಾಪಾಡೋಕೆ ಹೇಳ್ದೆ. ನೀನು ಹೇಳು ಅಂದ್ರೆ ಹೋಗಿ ಎಲ್ಲಾ ಸುಳ್ಳು ಅಂತ ಹೇಳ್ತೀನಿ. ಬೇಡ ಅಂದ್ರೆ ಇಬ್ರೂ ಹೆಗ್ಗಡದೇವನಕೋಟೆಗೆ ನಿಮ್ಮಕ್ಕನ ಮನೆಗೆ ಓಡಿಹೋಗಣ."

ಉಷಾರಾಣಿ ಅವನ ಪಕ್ಕ ಬಂದು ಕೂತಳು. "ಅಲ್ಲೂ ಊಟಕ್ಕೆ ಕರೀತಾರಲ್ವಾ?" ಅಂದಳು. "ನೀವೇನೂ ಹೇಳ್ಬೇಡಿ. ಬರ್ತೀನಿ."

ಸೋಮವಾರ ಬೆಳಿಗ್ಗೆ ಗುಡಿಯ ಮುಂದೆ ಬೀದಿಗೆ ಬೀದಿಯೇ ನೆರೆದಿತ್ತು. ಮಂಟಪದ ತೊಲೆಗೆ ತಕ್ಕಡಿ ಕಟ್ಟಿ, ಒಂದು ಹಲಗೆಗೆ ಹೂವಿನ ಹಾರ ಹಾಕಿದ್ದರು. ಇನ್ನೊಂದರ ಪಕ್ಕ ಕಾಂತರಾಜನ ಮಂಡಿಯ ಅಚ್ಚು ಬೆಲ್ಲದ ರಾಶಿ. ಉಷಾರಾಣಿ ಬಂದಳು. ಸಿದ್ದಲಿಂಗಮ್ಮ ಅವಳ ಕೈ ಹಿಡಿದು, "ಬಾ ನನ್ನವ್ವ, ಕುಂತ್ಕೊ," ಎಂದು ಹಲಗೆ ತೋರಿಸಿದಳು. ಕಾಂತರಾಜನ ತಲೆಯಲ್ಲಿ ಅಷ್ಟರಲ್ಲೇ ಒಂದು ಗ್ರಹಣ ಹುಟ್ಟಿತ್ತು. ಇವತ್ತು ಗ್ರಹಣ ಇದೆ, ತೂಗಬಾರದು ಎಂದು ಕೂಗಲು ಅವನು ಬಾಯಿ ತೆರೆದ.

ಉಷಾರಾಣಿ ಹಲಗೆಯ ಮೇಲೆ ಕೂರಲಿಲ್ಲ. ಗುಡಿಯ ಮೆಟ್ಟಿಲ ಮೇಲೆ ಕೂತಳು. ಸೆರಗಿನ ಮರೆಯಿಂದ ಒಂದು ಸ್ಟೀಲ್ ಡಬ್ಬಿ ತೆಗೆದಳು. ಮೊದಲನೆಯ ಸಲ ಮುಚ್ಚಳ ಬಿಚ್ಚಲು ಆಗಲಿಲ್ಲ. ಎರಡನೆಯ ಸಲ ಬಿಚ್ಚಿತು. ಒಳಗೆ ಉಪ್ಪಿಟ್ಟಿತ್ತು.

"ಅತ್ತೆ, ನಾನು ಯಾವ ವ್ರತಾನೂ ಹಿಡಿದಿಲ್ಲ," ಅಂದಳು. "ಯಾರೋ ಒಬ್ಬ ಫೋಟೋ ತೆಗೆಯೋನು ನನ್ನ ದಪ್ಪ ಅಂದ. ನೀವೆಲ್ಲ ನಕ್ರಿ, ನಾನೂ ನಕ್ಕೆ. ಆಮೇಲೆ ಊಟ ಕಂಡ್ರೆ ಭಯ ಆಗೋಕೆ ಶುರುವಾಯ್ತು. ಅದು ಕಾಯಿಲೆಯಂತೆ. ಔಷಧಿ ಅಂದ್ರೆ ಊಟಾನೇ. ನಂಗೀಗ ತಿನ್ನೋ ಹೊತ್ತು. ನನ್ನ ತೂಕ ಮಾಡ್ಬೇಡಿ."

ಹಾಗೆ ಹೇಳಿ ಊರೆಲ್ಲ ನೋಡುತ್ತಿರುವಾಗ ಒಂದು ತುತ್ತು ತೆಗೆದು ಬಾಯಿಗಿಟ್ಟಳು. ಅಗಿದಳು. ನುಂಗಿದಳು. ಡೋಲಿನವನು ಬಾರಿಸುವುದನ್ನು ನಿಲ್ಲಿಸಿದ್ದ. ಗುಡಿಯ ಮುಂದೆ ಆ ದಿನ ಕಂಡಷ್ಟು ಧೈರ್ಯವನ್ನು ಕಾಂತರಾಜ ಅದಕ್ಕೆ ಮೊದಲು ಕಂಡಿರಲಿಲ್ಲ, ಹಾವಿನ ದಿನವೂ ಸೇರಿ.

ಮೊದಲು ಮಾತಾಡಿದವಳು ಸರ್ವಮಂಗಳ. ನೆಲ ನೋಡುತ್ತ, "ನಾನೂ ಎಲ್ರುದೂ ಆದ್ಮೇಲೆ ಅಡಿಗೆಮನೆ ಕದದ ಹಿಂದೆ ನಿಂತ್ಕಂಡು ತಿಂತೀನಿ. ಯಾರಾದ್ರೂ ನೋಡ್ತಾರೇನೋ ಅಂತ ಇರ್ತದೆ," ಅಂದಳು. ಯಾರೂ ನಗಲಿಲ್ಲ. ಆಮೇಲೆ ನೆನಪಾಗಿ, "ಹಂಗಾದ್ರೆ ನನ್ ಮಿಕ್ಸಿ?" ಎಂದು ಕೇಳಿದಳು.

ಸಿದ್ದಲಿಂಗಮ್ಮ ಹೋಗಿ ಉಷಾರಾಣಿಯ ಪಕ್ಕ ಮೆಟ್ಟಿಲ ಮೇಲೆ ಕೂತು, "ಕೇರಂ ಅಂದಿದ್ದು ನಾನೇ ಅಲ್ವೇನವ್ವಾ," ಎಂದು ಅವಳ ಬೆನ್ನ ಮೇಲೆ ಕೈಯಿಟ್ಟಳು. ಮತ್ತೆ ಥಟ್ಟನೆ ತಲೆಯೆತ್ತಿದಳು.

"ಅಂಗಾದ್ರೆ ಏಳು ದೇವ್ರ ಎಸ್ರು ಏಳಿದ್ ಮಗ ಎಲ್ಲವ್ನೆ?"

ಕಾಂತರಾಜ ಕಂಬದ ಮರೆಗೆ ಸರಿದ. ಅವನ ಈಗಿನ ಗಾತ್ರಕ್ಕೆ ಆ ಕಂಬ ಸಾಲಲಿಲ್ಲ.

"ದೇವ್ರ ಮುಂದೆ ಕಟ್ಟಿದ್ ತಕ್ಕಡೀನ ಬರಿದೇ ಬಿಚ್ಚಂಗಿಲ್ಲ ಕಣ್ಲಾ. ಹಲ್ಗೆ ಮ್ಯಾಲೆ ಹತ್ತು! ನಿನ್ ಬೆಲ್ಲ, ನಿನ್ ಸುಳ್ಳು, ನೀನೇ ಕುಂತ್ಕೊ!"

ಜನ ಅವನನ್ನು ಹೊತ್ತು ತಂದು ಹೂವಿನ ಹಾರದ ನಡುವೆ ಕೂರಿಸಿದರು. ಹಲಗೆ ದಡಕ್ಕನೆ ನೆಲ ಮುಟ್ಟಿತು. ಉಷಾರಾಣಿಗೆಂದು ತಂದ ಬೆಲ್ಲ ಅವನನ್ನು ಎತ್ತಲೂ ಇಲ್ಲ, ಅಲುಗಿಸಲೂ ಇಲ್ಲ. ಮಂಡಿಗೆ ಓಡಿದರು, ಇನ್ನಷ್ಟು ತಂದರು. "ಹಾಕ್ರೋ, ಇನ್ನೂ ಹಾಕ್ರೋ! ಇಡ್ಲಿ ಒಳಗೇ ಅವೆ!" ಎಂದು ಸಿದ್ದಲಿಂಗಮ್ಮ ಕೂಗುತ್ತಿದ್ದಳು. ಬೀದಿ ಬಿದ್ದು ಬಿದ್ದು ನಕ್ಕಿತು. ಉಷಾರಾಣಿಯೂ ನಕ್ಕಳು. ಈ ನಗು ಮದುವೆಮನೆಯ ನಗುವಲ್ಲ ಎಂದು ಕಾಂತರಾಜನಿಗೆ ಹಲಗೆಯ ಮೇಲಿಂದಲೇ ಗೊತ್ತಾಯಿತು. ಅವನ ಹಲಗೆ ನಿಧಾನವಾಗಿ ಮೇಲಕ್ಕೆ ಬರುತ್ತಿತ್ತು.

"ಇನ್ಮೇಲೆ ಸುಳ್ಳೇಳಲ್ಲ ಅಂತ ಬಸವಣ್ಣನ ಮೇಲೆ ಆಣೆ ಮಾಡು," ಎಂದಳು ಸಿದ್ದಲಿಂಗಮ್ಮ. ಕಾಂತರಾಜ ಗಾಳಿಯಲ್ಲಿ ತೂಗುತ್ತಲೇ ಆಣೆ ಮಾಡಿದ.

ಎರಡು ಹಲಗೆಗಳೂ ಸಮಕ್ಕೆ ಬಂದು ನಿಂತವು. ಅರ್ಚಕರು ಮಂಗಳಾರತಿ ತಟ್ಟೆ ಎತ್ತಿಕೊಂಡರು. ಆಗ ಕಾಂತರಾಜನಿಗೆ ತನ್ನ ಹಲಗೆ ಒಂದು ಕೂದಲಿನಷ್ಟು ಕೆಳಗಿಳಿದಂತಾಯಿತು. ಮಿಲ್ಲಿನ ಆ ಹಳೇ ತಕ್ಕಡಿಗೆ ಅಷ್ಟು ಸೂಕ್ಷ್ಮ ಎಲ್ಲಿಂದ ಬರಬೇಕು ಎಂದು ಮಿಲ್ಲಿನವನು ಈಗಲೂ ವಾದಿಸುತ್ತಾನೆ. ಕಾಂತರಾಜ ಮಾತ್ರ ಇಳಿದದ್ದು ನಿಜ ಅನ್ನುತ್ತಾನೆ. ಅವನು ಎದುರಿನ ಹಲಗೆಯತ್ತ ಕಣ್ಣು ಹಾಯಿಸಿದ. ಸಿದ್ದಲಿಂಗಮ್ಮ ಹೇಳಿದ ಯಾವುದೋ ಮಾತಿಗೆ ನಗುತ್ತ ಅಲ್ಲಿ ನಿಂತಿದ್ದ ಉಷಾರಾಣಿ, ಮೈಮರೆತು, ಆ ಹಲಗೆಯ ಮೇಲಿನ ಒಂದು ಅಚ್ಚಿನ ಮೂಲೆಯಿಂದ ಬೆಲ್ಲದ ಚೂರು ಮುರಿದು ಬಾಯಿಗೆ ಹಾಕಿಕೊಂಡಿದ್ದಳು. ಹೊತ್ತು ನೋಡಿ ಅಲ್ಲ, ಔಷಧಿಯೆಂದೂ ಅಲ್ಲ.

ಕಾಂತರಾಜನ ಗಂಟಲಿನವರೆಗೆ ಭೇಷ್ ಎಂಬ ಕೂಗು ಬಂತು. ಡಾಕ್ಟರ ಮಾತು ನೆನಪಾಯಿತು. ಅವನು ಅದನ್ನು ನುಂಗಿಕೊಂಡು, ಕತ್ತೆತ್ತಿ, ತುಂಬಿದ ಕಣ್ಣಿನಿಂದ ಗೋಪುರವನ್ನೇ ದಿಟ್ಟಿಸತೊಡಗಿದ.

"ಏನ್ಲಾ ಅದು, ಮೇಲೆ ನೋಡ್ತಾ ಇದ್ದೀಯ?" ಎಂದು ಕೇಳಿದಳು ಸಿದ್ದಲಿಂಗಮ್ಮ.

"ಗಿಣಿ, ಅತ್ತೆ," ಎಂದ ಕಾಂತರಾಜ.

ಗೋಪುರದ ಮೇಲೆ ಗಿಣಿ ಇರಲಿಲ್ಲ.